ನನ್ನ ಹೊಟ್ಟೆಯ ಮೇಲಿನ ತೋಳ

ಎಪ್ಪತ್ತೊಂಬತ್ತನೆಯ ಇಸವಿ, ಸೋಣ ತಿಂಗಳ ಕೊನೆ. ಕೃಷ್ಣಾಷ್ಟಮಿಯ ಮರುದಿನ, ಹುಲಿವೇಷಗಳು ಬೀದಿಗಿಳಿಯುವ ವಿಟ್ಲಪಿಂಡಿ. ಬೆಳಿಗ್ಗೆ ಹನ್ನೊಂದು ಗಂಟೆ ಆಗಿರಬಹುದು. ಒಂದು ಮಳೆ ಬಂದು ಹೋಗಿ ಬಿಸಿಲು ಬಿದ್ದಿತ್ತು. ಉಡುಪಿಯ ಬನ್ನಂಜೆಯಲ್ಲಿ ಒಂದು ಹೋಟೆಲಿನ ಎದುರು ನಾನು ಹುಲಿಯಾಗಿ ನಿಂತಿದ್ದೆ.

ನಮ್ಮ ಮೇಳದಲ್ಲಿ ಆರು ಹುಲಿ. ಐದು ಹುಲಿಗಳು ಕುಣಿಯುವವು, ನಾನು ನಿಲ್ಲುವವನು. ಕುಣಿತ ನನಗೆ ಅಷ್ಟಕ್ಕಷ್ಟೆ. ಕಾಪುವಿನ ಅಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುವ ಕೆಲಸ ನನ್ನದು. ಹಂಡೆಯ ಎದುರು ನಿಂತು ನಿಂತು ಅಭ್ಯಾಸವಾದ ಕಾಲುಗಳು. ಹುಲಿವೇಷಕ್ಕೆ ಬಣ್ಣ ಹಾಕಿಸಿಕೊಳ್ಳುವುದೆಂದರೆ ಅಡ್ಡ ಬಿದಿರಿಗೆ ಎರಡು ಕೈ ಕೊಟ್ಟು ಐದಾರು ಗಂಟೆ ನಿಲ್ಲಬೇಕು. ಬೆನ್ನು ತುರಿಸಿದರೂ ಕೈ ಇಳಿಸುವ ಹಾಗಿಲ್ಲ, ನೊಣ ಕೂತರೂ ಮೈ ಕೊಡವುವ ಹಾಗಿಲ್ಲ. ಉಳಿದವರು ಒದ್ದಾಡುತ್ತಿದ್ದರು. ನಾನು ನಿಂತದ್ದು ನಿಂತ ಹಾಗೆ. ಶಾಲೆಯಲ್ಲಿ ಎರಡನೇ ಕ್ಲಾಸಿನವರೆಗೆ ನಾನು ಕಲಿತದ್ದೂ ಹೆಚ್ಚಾಗಿ ಅದನ್ನೇ, ಬೆಂಚಿನ ಮೇಲೆ ನಿಲ್ಲುವುದನ್ನು.

ಹಾಗಾಗಿ ನಮಗೆ ಬಣ್ಣ ಹಾಕುವ ರೇಮಂಡ್ ತನ್ನ ಒಳ್ಳೆಯ ಕೆಲಸವನ್ನೆಲ್ಲ ನನ್ನ ಮೈಮೇಲೆಯೇ ಮಾಡುತ್ತಿದ್ದ. ಅವನು ಕಾಪುವಿನ ಪೊರ್ಬುಗಳ, ಕೊಂಕಣಿ ಮಾತಾಡುವ ಕ್ರಿಶ್ಚಿಯನರ ಹುಡುಗ, ಮೂವತ್ತು ದಾಟಿರಲಿಲ್ಲ. ವರ್ಷವಿಡೀ ಬಸ್ಸಿನ ಮೂತಿಗೆ ಹೆಸರು, ದೋಣಿಗಳಿಗೆ ನಂಬರು, ಓಟು ಬಂದರೆ ಗೋಡೆಗಳಿಗೆ ಚಿಹ್ನೆ ಬರೆಯುವುದು. ಸೋಣ ಬಂದರೆ ಹುಲಿ. ನನ್ನ ಹೊಟ್ಟೆಯ ಮೇಲೆ ಅವನು ಒಂದು ಇಡೀ ಹುಲಿಯ ಮುಖ ಬರೆಯುತ್ತಿದ್ದ. ಮೊದಲು ಹೊಕ್ಕುಳಿನ ಮೇಲೆ ಒಂದು ಕಪ್ಪು ಬೊಟ್ಟು. ಅದು ಮೂಗಿನ ತುದಿ. ಅಲ್ಲಿಂದ ಮೀಸೆ, ಬಾಯಿ, ಕಣ್ಣು, ಕಿವಿ. ಹೊಕ್ಕುಳು ಸಿಕ್ಕಿದರೆ ಹುಲಿ ಸಿಕ್ಕಿದ ಹಾಗೆ ಎಂದು ಅವನು ಹೇಳುತ್ತಿದ್ದ. ಮೇಳ ಹೊರಟ ಮೇಲೆ ಅವನೂ ಬಣ್ಣದ ಡಬ್ಬಿ ಹಿಡಿದು ನಮ್ಮ ಹಿಂದೆ ಬರುತ್ತಿದ್ದ, ಬೆವರು ತಿಂದಲ್ಲಿ ತೇಪೆ ಹಾಕಲಿಕ್ಕೆ.

ಆ ದಿನ ಹೋಟೆಲಿನಿಂದ ಒಬ್ಬರು ಹೆಂಗಸು ಇಳಿದು ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಗಂಡಸರ ಕೊಡೆ. ಎಲ್ಲರೂ ಕುಣಿಯುವ ಹುಲಿಗಳನ್ನು ನೋಡುತ್ತಿದ್ದರೆ ಅವರು ಸೀದಾ ನನ್ನೆದುರು ಬಂದು ಬಗ್ಗಿ, ಒಂದು ಗೇಣು ದೂರದಿಂದ ಹೊಟ್ಟೆಯನ್ನು ನೋಡತೊಡಗಿದರು. ನನಗೆ ನಾಚಿಕೆಯಾಗಿ ಉಸಿರು ಒಳಗೆ ಎಳೆದುಕೊಂಡೆ. ಹುಲಿ ಬಡಕಲಾಯಿತು.

"ಉಸಿರು ಬಿಡ್ರಿ," ಎಂದರು.

ಬಿಟ್ಟೆ. ಹುಲಿ ಬಾಯಿ ತೆರೆಯಿತು. ಅವರು ನಕ್ಕ ನಗೆಗೆ ತಾಸೆ ಬಡಿಯುವವನು ಪೆಟ್ಟು ತಪ್ಪಿದ.

ಇದನ್ನು ಬರೆದವರು ಯಾರು ಎಂದು ಕೇಳಿದರು. ಹಿಂದೆ ತಿರುಗಿ ನೋಡಿದರೆ ರೇಮಂಡ್ ಇಲ್ಲ. ಬೈಯಲು ಬಂದವರೆಂದು ತಿಳಿದು ಅವನು ಹೋಟೆಲಿನ ಕಂಬದ ಮರೆಯಲ್ಲಿ ನಿಂತಿದ್ದ. ಆದರೆ ಡಬ್ಬಿ ಹಿಡಿದ ಕೈ ಹೊರಗೇ ಇತ್ತು.

ಅವರ ಹೆಸರು ಎಸ್ತರ್. ಧಾರವಾಡದ ಕಡೆಯವರು. ಮಣಿಪಾಲದ ಒಂದು ಕಾಲೇಜಿನಲ್ಲಿ ಪ್ರಾಣಿಗಳ ಪಾಠ ಮಾಡುತ್ತಿದ್ದರು. ಹುಲಿ, ಆನೆಗಳ ಚಿತ್ರ ಎಲ್ಲರೂ ಬರೆಸುತ್ತಾರೆ, ನಾಯಿಯ ನೆಂಟರನ್ನು ಕೇಳುವವರಿಲ್ಲ ಎಂದು ಅವರಿಗೊಂದು ಬೇಸರ. ಅದಕ್ಕಾಗಿ ಕಾಲೇಜಿನಲ್ಲಿ ಒಂದು ಕೋಣೆಯನ್ನೇ ಕೇಳಿ ಪಡೆದಿದ್ದರು. ತೋಳ, ಸೀಳುನಾಯಿ, ನರಿ, ಗುಳ್ಳೆನರಿ, ನಾಲ್ಕೂ ಅಲ್ಲಿ ಬರಬೇಕು. ಬರೆಯುವವನಿಗೆ ಕಾಲೇಜಿನಲ್ಲೇ ಒಂದು ಹುದ್ದೆ ಉಂಟು, ಪರ್ಮನೆಂಟ್. ಮಂಗಳೂರಿನ ಒಬ್ಬ ಚಿತ್ರಗಾರನೂ ಅರ್ಜಿ ಹಾಕಿದ್ದಾನೆ, ನೀನು ಮೊದಲು ಒಂದು ತೋಳ ಬರೆದು ತಾ, ಅಕ್ಟೋಬರ್ ಮುಗಿಯುವುದರೊಳಗೆ ನಾನು ನಿರ್ಧಾರ ಹೇಳಬೇಕು, ಎಂದರು.

ಪರ್ಮನೆಂಟ್ ಎಂಬ ಮಾತು ಕೇಳಿದ್ದೇ ರೇಮಂಡ್ ಕಂಬದ ಮರೆಯಿಂದ ಹೊರಗೆ ಬಂದಿದ್ದ. ಅದಕ್ಕೆ ಕಾರಣ ಕಾರ್ಕಳದಲ್ಲಿತ್ತು.

ಕಾರ್ಕಳದಲ್ಲಿ ಕಾನ್ಸೆಪ್ಟಾ ಎಂಬ ಹುಡುಗಿ. ಹೊಲಿಗೆ ಕಲಿಸುತ್ತಿದ್ದಳು. ಅವಳ ಹೊಲಿಗೆ ಕ್ಲಾಸಿನ ಬೋರ್ಡು ಬರೆಯಲು ಹೋದ ರೇಮಂಡ್ ನಾಲ್ಕು ಅಕ್ಷರಕ್ಕೆ ಹನ್ನೊಂದು ದಿನ ತೆಗೆದುಕೊಂಡಿದ್ದ. ಇಬ್ಬರಿಗೂ ಮನಸ್ಸಿತ್ತು. ಮನಸ್ಸಿಲ್ಲದವರು ತಾಯಿ ಗ್ಲ್ಯಾಡಿಸ್ ಬಾಯಿ. ಗಂಡನಿಲ್ಲದೆ ಮಗಳನ್ನು ಸಾಕಿದವರು, ಮಾತು ಕತ್ತರಿಯ ಹಾಗೆ. ರೇಮಂಡನ ಪರವಾಗಿ ನಾನೇ ಒಮ್ಮೆ ಹೋಗಿ ಕೇಳಿದ್ದೆ.

"ಹುಲಿ ವರ್ಷಕ್ಕೆ ಮೂರು ದಿನ, ಓಟು ಐದು ವರ್ಷಕ್ಕೊಮ್ಮೆ," ಎಂದಿದ್ದರು ಅವರು. "ಉಳಿದ ದಿನ ನನ್ನ ಮಗಳು ಎಂತ ತಿನ್ನುವುದು ಐತಪ್ಪಾ, ಬಣ್ಣವಾ?"

ಬಹರೈನಿನಲ್ಲಿದ್ದ ಅವರ ತಂಗಿ, ಮಕ್ಕಳನ್ನು ನೋಡಿಕೊಳ್ಳಲು ಕಾನ್ಸೆಪ್ಟಾಳನ್ನು ಕಳುಹಿಸು ಎಂದು ಕಾಗದದ ಮೇಲೆ ಕಾಗದ ಹಾಕುತ್ತಿದ್ದಳು. ಗ್ಲ್ಯಾಡಿಸ್ ಬಾಯಿ ಒಂದು ಗಡುವು ಇಟ್ಟರು. ಅವರಲ್ಲಿ ಮದುವೆಗೆ ಮುಂಚೆ ಇಗರ್ಜಿಯಲ್ಲಿ ಮೂರು ಭಾನುವಾರ ಪಾದ್ರಿಗಳು ಹುಡುಗ ಹುಡುಗಿಯ ಹೆಸರು ಓದಿ, ಯಾರದಾದರೂ ಅಡ್ಡಿ ಉಂಟೇ ಎಂದು ಕೇಳಬೇಕು. ಕ್ರಿಸ್ಮಸಿಗೆ ಮುಂಚಿನ ನಾಲ್ಕು ವಾರ ಮದುವೆ ಇಲ್ಲ. ಹಾಗಾಗಿ ನವೆಂಬರಿನ ಮೊದಲ ಭಾನುವಾರ ಹೆಸರು ಓದಿದರೆ ಓದಿದ್ದು, ಇಲ್ಲವಾದರೆ ಕಾನ್ಸೆಪ್ಟಾ ಬಹರೈನಿಗೆ. ರೇಮಂಡನ ಹೆಸರು ಓದಬೇಕಾದರೆ ಅವನ ಕೈಯಲ್ಲಿ ಕಾಯಂ ಕೆಲಸದ ಕಾಗದ ಇರಬೇಕು.

ಎಸ್ತರ್ ಮೇಡಂ ಒಂದು ಕವರು ಫೋಟೋ ಕೊಟ್ಟಿದ್ದರು, ಕಪ್ಪು ಬಿಳುಪು. ನಮ್ಮ ಕಡೆ ತೋಳ ಎಲ್ಲಿಂದ ಬರಬೇಕು? ಗದ್ದೆಯಲ್ಲಿ ನರಿ ಕೂಗುವುದನ್ನು ಕೇಳಿದವರು ನಾವು. ಹೆಬ್ರಿಯ ಆಚೆ ಕಾಡಿನಲ್ಲಿ ಸೀಳುನಾಯಿ ಉಂಟೆಂದು ಮಿಲ್ಲಿಗೆ ಭತ್ತ ತರುವವರು ಹೇಳುತ್ತಿದ್ದರು. ತೋಳ ಮಾತ್ರ ಬಯಲು ಸೀಮೆಯ ಪ್ರಾಣಿ. ಹಾಗೆಂದು ರೇಮಂಡ್ ಹೆದರಲಿಲ್ಲ. ಹುಲಿಯನ್ನೂ ಅವನು ನೋಡಿದವನಲ್ಲ, ನನ್ನನ್ನು ನೋಡಿದವನು.

ನನ್ನ ಮನೆಯ ಚಾವಡಿಯಲ್ಲಿ ಪ್ಲೈವುಡ್ಡಿನ ಹಲಗೆ ಇಟ್ಟುಕೊಂಡು ಕೂತ. ಮೊದಲ ದಿನ ಬರೆಯಲೇ ಇಲ್ಲ. ಬ್ರಶ್ಶು ಎತ್ತುವುದು, ಹಲಗೆಯ ಮೇಲೆ ಅತ್ತಿತ್ತ ಆಡಿಸುವುದು, ಇಳಿಸುವುದು. ಎಂತ ಆಯಿತು ಎಂದರೆ, ಎಲ್ಲಿಂದ ಶುರು ಮಾಡುವುದೆಂದು ಗೊತ್ತಾಗುವುದಿಲ್ಲ ಐತಪ್ಪಣ್ಣ, ಇದಕ್ಕೆ ಹೊಕ್ಕುಳಿಲ್ಲ, ಎಂದ. ಎರಡನೆಯ ದಿನ ಹಲಗೆಯ ನಟ್ಟನಡುವೆ ಒಂದು ದಪ್ಪ ತಲೆಯ ಮೊಳೆ ಹೊಡೆದ. ಆಮೇಲೆ ಕೈ ಓಡಿತು. ಕೈಯ ಅಭ್ಯಾಸ ನೋಡಿ, ಮೊದಲು ಇಡೀ ಹಲಗೆಗೆ ಹುಲಿಯ ಹಳದಿ ಬಳಿದುಬಿಟ್ಟ. ಅದರ ಮೇಲೆ ಬೂದು, ಕಂದು, ಕಪ್ಪು ಎಲ್ಲ ಹಚ್ಚಿದರೂ ಒಣಗಿದ ಮೇಲೆ ಹಳದಿ ಎದ್ದು ಬಂತು. ಪಟ್ಟೆ ಎಳೆಯಬಾರದೆಂದು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೇ ಮುಗಿಸಿದ.

ಮಣಿಪಾಲಕ್ಕೆ ಒಯ್ದಾಗ ಮೇಡಂ ಅದನ್ನು ಗೋಡೆಗೆ ಒರಗಿಸಿ, ಹಿಂದೆ ಹೋಗಿ, ಮುಂದೆ ಬಂದು ನೋಡಿದರು.

"ಇದು ತ್ವಾಳ ಅಲ್ಲಪಾ. ಕಾಮಾಲಿ ಆದ ನಾಯಿ, ಊಟಕ್ಕ ಕಾಯ್ಕೋತ ಕೂತದ," ಎಂದರು. ಮತ್ತೆ ಹತ್ತಿರ ಬಗ್ಗಿ ಕೇಳಿದರು, "ಮೂಗಿನಾಗ ಮೊಳಿ ಯಾಕ ಹೊಡದಿ?"

ಹೊಕ್ಕುಳು ಎಂದು ನಾನು ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಗಂಭೀರವಾಗಿಯೇ ಹೇಳಿದರು, ಇದಕ್ಕೆ ಜೀವ ಇಲ್ಲ, ಅಂದು ಬೀದಿಯಲ್ಲಿ ಕಂಡದ್ದಕ್ಕೆ ಇತ್ತು, ಅದನ್ನು ತಾ ಎಂದು.

ಎರಡನೆಯ ಹಲಗೆಯೂ ಹಾಗೆಯೇ ಆಯಿತು. ಅಕ್ಟೋಬರ್ ಕೊನೆಯ ವಾರ ಬಂತು. ಆ ಗುರುವಾರ ಕಾನ್ಸೆಪ್ಟಾ ಮೀನು ತರುವ ನೆಪ ಹೇಳಿ ಕಾರ್ಕಳದಿಂದ ಕಾಪುವಿನವರೆಗೆ ಬಂದಳು. ಮೀನು ಕಾರ್ಕಳದಲ್ಲೂ ಸಿಗುತ್ತದೆ. ಚಾವಡಿಯಲ್ಲಿ ನಿಂತು ಎರಡು ತೋಳಗಳನ್ನೂ ನೋಡಿದಳು. ಬಾಯಿಗೆ ಸೆರಗು ಹಿಡಿದದ್ದು ಅಳುವಿಗೆ ಎಂದು ನಾನು ತಿಳಿದೆ. ಅಲ್ಲ, ನಗು ತಡೆಯಲಿಕ್ಕೆ. ಆ ಹುಡುಗಿಗೆ ಹಡಗು ಮುಳುಗುವಾಗಲೂ ನಗು ಬರುತ್ತಿತ್ತೋ ಏನೋ.

"ಹಲಗೆಗೆ ಯಾಕೆ ಬರೆಯುವುದು?" ಎಂದಳು. "ನಿಮಗೆ ಬರೆದು ಗೊತ್ತಿರುವುದು ಐತಪ್ಪಣ್ಣನ ಮೇಲಲ್ವಾ? ಮೊದಲು ಅವರ ಮೇಲೆ ಬರೆಯಿರಿ, ಅದನ್ನು ನೋಡಿ ಹಲಗೆಗೆ ಇಳಿಸಿ."

ರೇಮಂಡ್ ನನ್ನ ಕಡೆ ನೋಡಿದ. ನಾನು ಅಂಗಿ ತೆಗೆದೆ.

ಶುಕ್ರವಾರ ಮಿಲ್ಲಿಗೆ ರಜೆ ಹೇಳಿ, ಬೆಳಿಗ್ಗೆ ಆರು ಗಂಟೆಗೆ ಹಿತ್ತಿಲ ಮಾವಿನ ಮರಕ್ಕೆ ಬಿದಿರು ಕಟ್ಟಿ ನಿಂತೆ. ಈ ಸಲ ಅವನು ಹಳದಿಯ ಡಬ್ಬಿಯನ್ನು ಮನೆಯೊಳಗೆ ಬಿಟ್ಟು ಬಂದಿದ್ದ. ಹೊಕ್ಕುಳಿಗೆ ಕಪ್ಪು ಇಟ್ಟ. ಅಲ್ಲಿಂದ ಬ್ರಶ್ಶು ಇಳಿಯಲೇ ಇಲ್ಲ. ಹತ್ತು ಗಂಟೆಗೆ ನನ್ನ ಹೆಂಡತಿ ಕುಶಲಾ ಗಂಜಿ ತಂದವಳು ಐದು ಮಾರು ದೂರದಲ್ಲಿ ನಿಂತುಬಿಟ್ಟಳು. ಗಂಡನಿಗಾದರೆ ಬಡಿಸುತ್ತೇನೆ, ಇದಕ್ಕೆ ನಾನು ಬಡಿಸುವುದಿಲ್ಲ ಎಂದು ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ನನಗೆ ನನ್ನ ಹೊಟ್ಟೆ ಕಾಣುವುದಿಲ್ಲ. ಕುಶಲಾಳ ಮುಖ ನೋಡಿಯೇ ತೋಳ ಬಂದಿದೆ ಎಂದು ಗೊತ್ತಾದದ್ದು.

ಹಲಗೆಗೆ ಇಳಿಸಲು ಕೂತರೆ ಮತ್ತೆ ಅದೇ ಊಟಕ್ಕೆ ಕಾಯುವ ನಾಯಿ. ನನ್ನನ್ನು ನೋಡುತ್ತಾನೆ, ಹಲಗೆಯನ್ನು ನೋಡುತ್ತಾನೆ. ಕೊನೆಗೆ ಬ್ರಶ್ಶು ಎಸೆದು, ನಡೆಯಿರಿ ಎಂದ. ಎಲ್ಲಿಗೆ ಎಂದರೆ ಮಣಿಪಾಲಕ್ಕೆ. ಹಲಗೆ ಎಂದೆ. ಹಲಗೆ ಬೇಡ, ನೀವೇ ಸಾಕು ಎಂದ.

ಹಾಗೆ ಹನ್ನೆರಡು ಗಂಟೆಯ ಬಸ್ಸಿನಲ್ಲಿ ತೋಳ ಉಡುಪಿಗೆ ಹೊರಟಿತು. ಕೆಳಗೆ ಪಂಚೆ, ಮೇಲೆ ತೋಳ. ಬಣ್ಣ ಇನ್ನೂ ಹಸಿ. ಯಾರಿಗೂ ತಾಗಬಾರದೆಂದು ನಾನು ಬಸ್ಸಿನ ನಡುವೆ ಎರಡು ಕಡೆಯ ಕಂಬಿ ಹಿಡಿದು ನಿಂತೆ. ಹಾಗೆ ನಿಂತರೆ ಹಿಂದಿನವರು ಮುಂದೆ ಬರುವಂತಿಲ್ಲ, ಮುಂದಿನವರು ಹಿಂದೆ ಹೋಗುವಂತಿಲ್ಲ. ಕಂಡಕ್ಟರು ನನ್ನ ಕಂಕುಳಿನ ಅಡಿಯಲ್ಲಿ ತೂರಿ ಬಂದ.

"ಅಷ್ಟಮಿ ಮುಗಿದು ಒಂದೂವರೆ ತಿಂಗಳಾಯ್ತಲ್ಲ ಮಾರಾಯ್ರೆ. ಈಗ ಎಂತ ಹುಲಿ?"

"ಹುಲಿ ಅಲ್ಲ, ತೋಳ," ಎಂದ ರೇಮಂಡ್.

"ತೋಳ ಯಾವ ಹಬ್ಬಕ್ಕೆ?"

"ಮದುವೆಗೆ."

ಕಂಡಕ್ಟರು ಟಿಕೇಟು ಹರಿದು ಕೊಟ್ಟ. ಪೊರ್ಬುಗಳ ಮದುವೆಯಲ್ಲಿ ಇದೂ ಒಂದು ಕ್ರಮ ಇರಬಹುದು ಎಂದುಕೊಂಡನೋ ಏನೋ. ಕಟಪಾಡಿಯಲ್ಲಿ ಮಲ್ಲಿಗೆ ಹೂವಿನ ಬುಟ್ಟಿ ಹಿಡಿದ ಒಬ್ಬಳು ಅಜ್ಜಿ ಹತ್ತಿ ನನ್ನೆದುರಿನ ಸೀಟಿನಲ್ಲಿ ಕೂತಳು. ಅವಳ ಮೂಗಿನ ನೇರಕ್ಕೆ ತೋಳದ ಬಾಯಿ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ನನ್ನ ಹೊಟ್ಟೆ ಕುಲುಕಿ ಅದು ಹಲ್ಲು ಕಿರಿಯುತ್ತಿತ್ತು. ಅಜ್ಜಿ ಹೆದರಲಿಲ್ಲ. ಉದ್ಯಾವರ ದಾಟುವಾಗ ಗಂಟು ಬಿಚ್ಚಿ ಒಂದು ಬಾಳೆಹಣ್ಣು ತೆಗೆದು ನನ್ನ ಮುಖ ನೋಡದೆ ಹೊಟ್ಟೆಯ ಕಡೆಗೇ ಹಿಡಿದಳು. ಪಾಪ, ಹಸಿದ ಹಾಗೆ ಕಾಣುತ್ತದೆ ಎಂದಳು. ಕೈ ಬಿಡುವಂತಿರಲಿಲ್ಲ, ರೇಮಂಡನೇ ತೆಗೆದುಕೊಂಡು ತಿಂದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಡ್ರೈವರು ಕನ್ನಡಿಯಲ್ಲಿ ತೋಳವನ್ನೇ ನೋಡುತ್ತ ಎರಡು ಸ್ಟಾಪು ಬಿಟ್ಟುಬಿಟ್ಟ, ಇಳಿಯಬೇಕಾದವರೂ ಬೈಯಲಿಲ್ಲ.

ಮಣಿಪಾಲದ ಕಾಲೇಜಿನ ಗೇಟಿನಲ್ಲಿ ಕಾವಲುಗಾರ ಬಿಡಲಿಲ್ಲ. ಗಲಾಟೆ ಕೇಳಿ ಎಸ್ತರ್ ಮೇಡಂ ಮೆಟ್ಟಿಲಿಳಿದು ಬಂದರು. ನನ್ನನ್ನು ಕಂಡವರು ಅಲ್ಲಿಯೇ ನಿಂತರು. ಆಗ ನಗಲಿಲ್ಲ. ನನ್ನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಮೆಲ್ಲಗೆ ಹೇಳಿದರು, ಚಿಕ್ಕವರಿದ್ದಾಗ ರಾಣೆಬೆನ್ನೂರಿನ ಹತ್ತಿರ ಕುರಿ ಹಟ್ಟಿಯ ಬೇಲಿಯಾಚೆ ಇದು ಹೀಗೆಯೇ ನಿಂತು ತಮ್ಮನ್ನು ನೋಡಿತ್ತಂತೆ. ತಂದೆ ಕಂದೀಲು ಹಿಡಿದು ಬರುವವರೆಗೆ ಇಬ್ಬರೂ ಕದಲಲಿಲ್ಲವಂತೆ.

"ಖರೇನ ಅದ ಇದು," ಎಂದರು. "ಒಂದ ತಪ್ಪು. ತ್ವಾಳ ತಲಿ ಎತ್ತಿ ನಡಿಯೂದಿಲ್ಲ. ತಲಿ ಹೆಗಲಿಗಿಂತ ಕೆಳಗ ಇರ್ತದ. ಇದು ನಿಮ್ಮ ಹುಲಿ ಹಂಗ ಎದಿ ಸೆಟಿಸೇದ."

ರೇಮಂಡ್ ಅಲ್ಲೇ ಮೆಟ್ಟಿಲ ಮೇಲೆ ಮೊಣಕಾಲೂರಿ, ಸೀಮೆಎಣ್ಣೆ ಬಟ್ಟೆಯಿಂದ ಕಿವಿ ಒರೆಸಿ, ಹೆಗಲನ್ನು ನನ್ನ ಎದೆಯವರೆಗೆ ಏರಿಸಿ, ಕಿವಿಗಳನ್ನು ಕೆಳಗೆ ಬರೆದ. ಪಾಠ ಬಿಟ್ಟು ಹುಡುಗರು ಕಿಟಕಿಗಳಲ್ಲಿ ತುಂಬಿದರು. ನಾನು ನಿಂತೆ.

ಮುಗಿದ ಮೇಲೆ ಮೇಡಂ ನಿಟ್ಟುಸಿರು ಬಿಟ್ಟರು. "ಎಲ್ಲಾ ಛಲೋ. ಆದ್ರ ಇವರನ್ನ ಗ್ವಾಡಿಗೆ ಹ್ಯಾಂಗ ತೂಗ ಹಾಕ್ಲಿ?"

"ನಿಲ್ಲಬಹುದು ಮೇಡಂ," ಎಂದೆ ನಾನು. "ಊಟಕ್ಕೆ ಅರ್ಧ ಗಂಟೆ ಬಿಟ್ಟರೆ ಸಂಜೆಯವರೆಗೆ ನಿಲ್ತೇನೆ."

ನಾನು ನಿಜವಾಗಿ ಹೇಳಿದ್ದು. ಅವರಿಗೆ ಮತ್ತೆ ನಗು ಬಂತು, ಕಿಟಕಿಗಳಿಗೂ ಬಂತು. ಬುಧವಾರ ಕೊನೆಯ ದಿನ, ಗೋಡೆಗೆ ತೂಗುವಂಥದ್ದರ ಮೇಲೆ ಇದನ್ನೇ ಬರೆದು ತಾ, ತಂದರೆ ಕಾಗದ ಕೈಯಲ್ಲಿ ಕೊಡುತ್ತೇನೆ, ತರದಿದ್ದರೆ ಮಂಗಳೂರಿನವನಿಗೆ ಕೊಡಲೇಬೇಕು ಎಂದರು.

ಕಾಪುವಿನಲ್ಲಿ ಇಳಿದು ಕಡಲಿನ ಕಡೆ ನಡೆದೆವು. ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಹಾಜಬ್ಬ ಬ್ಯಾರಿಯ ಗುಜರಿ ಅಂಗಡಿ. ಒಡೆದ ದೋಣಿಗಳನ್ನು ಅವರು ಕೊಂಡು, ಕಡಿದು ಸೌದೆಗೆ ಮಾರುತ್ತಿದ್ದರು. ಆ ಸಂಜೆ ಅಂಗಳದಲ್ಲಿ ಒಂದು ಹಳೆಯ ದೋಣಿ ಮಗುಚಿ ಬಿದ್ದಿತ್ತು. ರೇಮಂಡ್ ಸುಸ್ತಾಗಿ ಅದಕ್ಕೆ ಒರಗಿ ನಿಂತ. ಒರಗಿದವನ ಕೈ ತನ್ನಷ್ಟಕ್ಕೆ ದೋಣಿಯ ಹೊಟ್ಟೆಯನ್ನು ಸವರತೊಡಗಿತು. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ನನ್ನ ಮೈಮೇಲೆ ಮೊದಲ ಬಣ್ಣ ಬಳಿಯುವಾಗ ಸವರುವ ಹಾಗೆಯೇ. ಒಮ್ಮೆಲೇ ಕೈ ನಿಂತಿತು. ದಡಕ್ಕೆ ಎಳೆದ ಮೇಲೆ ನೀರು ಬಿಡಲು ದೋಣಿಯ ಅಡಿಯಲ್ಲಿ ಒಂದು ತೂತು ಇರುತ್ತದೆ. ಅವನ ಬೆರಳು ಅದರೊಳಗೆ ಇತ್ತು.

"ಐತಪ್ಪಣ್ಣ," ಎಂದ. "ಹೊಕ್ಕುಳು ಉಂಟು."

ಹಾಜಬ್ಬ ಹೊರಗೆ ಬಂದಾಗ ಒಬ್ಬ ದೋಣಿಯನ್ನು ತಬ್ಬಿಕೊಂಡಿದ್ದ, ಇನ್ನೊಬ್ಬ ಹೊಟ್ಟೆಯ ಮೇಲೆ ಕಾಡುಮೃಗ ಇಟ್ಟುಕೊಂಡು ನಿಂತಿದ್ದ. ಅವರು ಎರಡನ್ನೂ ನಿಧಾನವಾಗಿ ನೋಡಿದರು.

"ಯಾರಿಗೆ ಹುಷಾರಿಲ್ಲ, ನಿನಗಾ ಅವನಿಗಾ?" ಎಂದು ನನ್ನನ್ನು ಕೇಳಿದರು.

ಮದುವೆಗೆ ದೋಣಿ ಬೇಕು ಎಂದೆ. ಮದುವೆಗೆ ಚಪ್ಪರ ಕೇಳಿದವರುಂಟು, ಹಂಡೆ ಕೇಳಿದವರುಂಟು, ದೋಣಿ ಕೇಳಿದವರು ಇದೇ ಮೊದಲು ಎಂದರು ಹಾಜಬ್ಬ. ಕಥೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿದರು, ಮೊಳೆಯ ಭಾಗವನ್ನು ಎರಡು ಸಲ ಹೇಳಿಸಿದರು. ಆಮೇಲೆ ತಾವೇ ಗರಗಸ ತಂದು, ಎಲ್ಲಿ ಕೊಯ್ಯಬೇಕೆಂದು ಕೇಳಿದರು. ತೂತು ನಡುವೆ ಬರುವ ಹಾಗೆ ಒಂದು ಆಳುದ್ದದ ತುಂಡನ್ನು ಕೊಯ್ದೆವು. ಅವರ ಹಲಸಿನ ಮರದ ಅಡಿಯಲ್ಲಿಯೇ ನಿಲ್ಲಿಸಿದೆವು.

ಶನಿವಾರದಿಂದ ಮಂಗಳವಾರದವರೆಗೆ ರೇಮಂಡ್ ಅಲ್ಲಿಂದ ಏಳಲಿಲ್ಲ. ದೋಣಿಯ ಪಕ್ಕದಲ್ಲಿ ನಾನೂ ಬಿದಿರು ಹಿಡಿದು ನಿಂತೆ, ನನ್ನ ತೋಳವನ್ನು ತೊಳೆಯದೆ ಇಟ್ಟುಕೊಂಡಿದ್ದೆ. ನಾಲ್ಕು ದಿನ ಸ್ನಾನ ಇಲ್ಲ, ಕವುಚಿ ಮಲಗುವುದಿಲ್ಲ. ಕುಶಲಾ ಚಾಪೆಯನ್ನು ಚಾವಡಿಗೆ ಎಸೆದಿದ್ದಳು. ಕಡಲ ನೀರು ಕುಡಿದು ಬೂದು ಬಣ್ಣಕ್ಕೆ ತಿರುಗಿದ ಮರ, ಅರ್ಧ ತೋಳ ಆಗಲೇ ಅದರಲ್ಲಿತ್ತು. ತಲೆ ತಗ್ಗಿತು, ಹೆಗಲು ಏರಿತು. ಹಾಜಬ್ಬರ ಆಡುಗಳು ಸೋಮವಾರದಿಂದ ಹಲಸಿನ ಮರದ ಕಡೆ ಬರುವುದನ್ನು ಬಿಟ್ಟವು. ಆಡು ಸುಳ್ಳು ಹೇಳುವುದಿಲ್ಲ ಎಂದರು ಹಾಜಬ್ಬ. ಆ ನಾಲ್ಕು ದಿನವೂ ಅವರು ಅಂಗಡಿಯಲ್ಲಿ ಇದ್ದದ್ದಕ್ಕಿಂತ ಮರದ ಅಡಿಯಲ್ಲಿ ಇದ್ದದ್ದೇ ಹೆಚ್ಚು.

ಬುಧವಾರ ಬೆಳಿಗ್ಗೆ ಅದೇ ಕಂಡಕ್ಟರಿನ ಬಸ್ಸು. ದೋಣಿಯ ತುಂಡನ್ನು ಬಸ್ಸಿನ ತಲೆಯ ಮೇಲೆ ಏರಿಸಿ ಹಗ್ಗ ಬಿಗಿದೆವು, ತೋಳದ ಮುಖ ಮುಂದಕ್ಕೆ. ಈ ಸಲ ನಾನು ಅಂಗಿ ಹಾಕಿದ್ದರಿಂದ ಕಂಡಕ್ಟರಿಗೆ ನನ್ನ ಗುರುತೇ ಸಿಗಲಿಲ್ಲ. ಪಾಂಗಾಳದಲ್ಲಿ ಎರಡು ನಾಯಿ ಬಸ್ಸಿನ ಬೆನ್ನು ಹತ್ತಿದವು. ಕಟಪಾಡಿಯಲ್ಲಿ ಐದಾದವು. ಉದ್ಯಾವರದಲ್ಲಿ ನಾನು ಎಣಿಸುವುದನ್ನು ಬಿಟ್ಟೆ. ಒಂದೊಂದು ಊರಿನ ನಾಯಿಗಳು ತಮ್ಮ ಗಡಿಯವರೆಗೆ ಬೊಗಳಿಕೊಂಡು ಬಂದು ಮುಂದಿನ ಊರಿನವಕ್ಕೆ ಒಪ್ಪಿಸುತ್ತಿದ್ದವು. ಮಂತ್ರಿಗಳು ಬಂದರೂ ಇಷ್ಟು ಮರ್ಯಾದೆ ಇಲ್ಲ ಎಂದ ಡ್ರೈವರು. ರೇಮಂಡ್ ಕಿಟಕಿಯಿಂದ ತಲೆ ಹಾಕಿ ಆ ಬೊಗಳುವಿಕೆಯನ್ನು, ಮದುಮಗ ವಾಲಗ ಕೇಳುವ ಹಾಗೆ ಕೇಳುತ್ತಿದ್ದ.

ಕೋಣೆಯ ಗೋಡೆಗೆ ಅದನ್ನು ಏರಿಸುವಾಗ ನಾಲ್ವರು ಬೇಕಾದರು. ಹಲಗೆಯ ಮೇಲಾದರೆ ಚಿತ್ರ ಯಾವ ಕಡೆಯಿಂದ ನೋಡಿದರೂ ಒಂದೇ. ಇದು ದೋಣಿಯ ಹೊಟ್ಟೆ, ಉಬ್ಬು. ನೀವು ಎಡದಿಂದ ಬಲಕ್ಕೆ ನಡೆದರೆ ಅದರ ಹೆಗಲು ಸರಿಯುತ್ತದೆ, ಪಕ್ಕೆ ಉಬ್ಬಿ ಇಳಿಯುತ್ತದೆ, ಕಣ್ಣು ನಿಮ್ಮ ಜೊತೆಗೇ ಬರುತ್ತದೆ. ಮೇಡಂ ಅತ್ತ ನಡೆದರು, ಇತ್ತ ನಡೆದರು. ಆಮೇಲೆ ವಯಸ್ಸು ಮರೆತು ಓಡಿ ನೋಡಿದರು. ತೋಳವೂ ಓಡಿತು. ಮೇಜಿನ ಬಳಿ ಹೋಗಿ ಕಾಗದ ಬರೆಯುವಾಗ ಅವರಿಗೆ ಏದುಸಿರು.

ಆದರೆ ಗ್ಲ್ಯಾಡಿಸ್ ಬಾಯಿ ಕಾಗದವನ್ನು ನಂಬಲಿಲ್ಲ. ನಾಯಿಯ ಚಿತ್ರ ಬರೆಯುವವನಿಗೆ ಜೀವಮಾನವಿಡೀ ಸಂಬಳ ಕೊಡುವ ಮೂರ್ಖರು ಯಾರೆಂದು ತಾವೇ ನೋಡಬೇಕು ಎಂದರು. ಶನಿವಾರ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಮಣಿಪಾಲಕ್ಕೆ ಬಂದರು. ಮರುದಿನ ಬೆಳಿಗ್ಗೆ ಇಗರ್ಜಿಯಲ್ಲಿ ಹೆಸರು ಓದಬೇಕಾದರೆ ಸಂಜೆ ಏಳರೊಳಗೆ ಪಾದ್ರಿಗಳಿಗೆ ಹೇಳಿ ಆಗಬೇಕು. ಆಗಲೇ ಮೂರು ಗಂಟೆ.

ಗ್ಲ್ಯಾಡಿಸ್ ಬಾಯಿ ಕೋಣೆಯೊಳಗೆ ಒಬ್ಬರೇ ಹೋದರು. ನಾವು ಬಾಗಿಲಲ್ಲಿ ನಿಂತೆವು. ಕಾನ್ಸೆಪ್ಟಾಳ ಬಾಯಿಗೆ ಸೆರಗು ಬಂದಿತ್ತು. ಗ್ಲ್ಯಾಡಿಸ್ ಬಾಯಿ ಕೊಡೆ ಊರಿಕೊಂಡು ತೋಳದ ಎದುರು ನಡೆದರು, ನಿಂತರು. ಸಟ್ಟನೆ ತಿರುಗಿ ಹಿಂದಕ್ಕೆ ನಡೆದರು, ಕಳ್ಳನನ್ನು ಹಿಡಿಯುವವರ ಹಾಗೆ ಮತ್ತೆ ತಿರುಗಿ ನೋಡಿದರು. ಅದು ನೋಡುತ್ತಲೇ ಇತ್ತು. ಕೊಡೆಯನ್ನು ಎತ್ತಿ ಅದರ ಕಡೆ ತೋರಿಸಿ ಕೊಂಕಣಿಯಲ್ಲಿ ಏನೋ ಗದರಿಸಿದರು. ನನ್ನನ್ನು ನೋಡಿದ್ದು ಸಾಕು ಅಂದರು ಎಂದು ಕಾನ್ಸೆಪ್ಟಾ ನನಗೆ ಪಿಸುಗುಟ್ಟಿದಳು, ಅಷ್ಟು ಹೇಳಲಿಕ್ಕೆ ಅವಳಿಗೆ ಮೂರು ಸಲ ನಗು ಅಡ್ಡ ಬಂತು.

ಗ್ಲ್ಯಾಡಿಸ್ ಬಾಯಿ ಹೊರಗೆ ಬಂದು ರೇಮಂಡನ ಎದುರು ನಿಂತರು.

"ಇದನ್ನು ಮನೆಯಲ್ಲಿ ಬರೆಯಬಾರದು," ಎಂದರು. "ನನ್ನ ಮಗಳು ಇರುವ ಮನೆಯಲ್ಲಿ ಇಂಥದ್ದು ಒಂದೂ ಇರಬಾರದು. ಕೆಲಸದ ಜಾಗದಲ್ಲೇ ಇರಲಿ."

ಅವರು ಒಪ್ಪಿದ್ದೆಂದು ರೇಮಂಡನಿಗೆ ತಿಳಿಯಲೇ ಇಲ್ಲ. ಸರಿ ಬಾಯಮ್ಮ, ಸರಿ ಬಾಯಮ್ಮ ಎಂದು ತಲೆ ತಗ್ಗಿಸಿ ನಿಂತಿದ್ದ. ಕಾನ್ಸೆಪ್ಟಾ ಅವನ ಅಂಗಿಯ ತೋಳು ಹಿಡಿದು ಎಳೆದಳು. ಬಸ್ಸು ಸಿಗಲಿಲ್ಲ; ಕಾರ್ಕಳಕ್ಕೆ ಹಂಚು ತುಂಬಿಕೊಂಡು ಹೋಗುವ ಒಂದು ಲಾರಿ ಸಿಕ್ಕಿತು. ಬಾಯಿ ಡ್ರೈವರಿನ ಪಕ್ಕ, ನಾವು ಮೂವರು ಹಂಚಿನ ಮೇಲೆ. ದಾರಿಯುದ್ದಕ್ಕೂ ಏಕೆಂದು ಗೊತ್ತಿಲ್ಲದೆ ನಗುತ್ತಿದ್ದೆವು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರಿಗೆ ಶುರು. ಪಾದ್ರಿಗಳು ಊಟಕ್ಕೆ ಕೈ ತೊಳೆಯುತ್ತಿದ್ದರು. ಒದ್ದೆ ಕೈಯಲ್ಲೇ ಹೆಸರು ಬರೆದುಕೊಂಡರು.

ಮೂರು ಭಾನುವಾರ ಓದಿದರು. ಯಾರೂ ಅಡ್ಡಿ ಹೇಳಲಿಲ್ಲ. ನವೆಂಬರ್ ಇಪ್ಪತ್ತೊಂದಕ್ಕೆ ಮದುವೆ. ಹಾಜಬ್ಬ ಹೆಂಡತಿ ರುಕಿಯಮ್ಮನನ್ನೂ ಕರೆದುಕೊಂಡು ಬಂದು, ದೋಣಿಯ ಉಳಿದ ತುಂಡುಗಳನ್ನು ತಾವು ಸೌದೆಗೆ ಹಾಕಿಲ್ಲ ಎಂದು ಮದುಮಗನ ಕಿವಿಯಲ್ಲಿ ಹೇಳಿದರು. ಅವುಗಳ ಮೇಲೆಯೇ ಮುಂದೆ ಸೀಳುನಾಯಿಗಳ ಹಿಂಡು ಬಂತು, ನರಿ ಬಂತು, ಗುಳ್ಳೆನರಿ ಬಂತು. ಪ್ರತಿಯೊಂದಕ್ಕೂ ಮೊದಲು ನಾನು ಒಂದೊಂದು ದಿನ ನಿಂತೆ. ಗುಳ್ಳೆನರಿ ಸಣ್ಣದು, ನನ್ನ ಹೊಟ್ಟೆಯ ಮೇಲೆ ಅದರ ಸುತ್ತ ಬಹಳ ಜಾಗ ಉಳಿಯಿತು.

ಬಹರೈನಿನ ತಂಗಿ ಸುಮ್ಮನಿರಲಿಲ್ಲ. ಡಿಸೆಂಬರಿನಲ್ಲಿ ಟೆಲಿಗ್ರಾಂ ಬಂತು, ಹಾಗಾದರೆ ನನ್ನ ಮಕ್ಕಳನ್ನು ನೋಡಲು ಬರುವವರು ಯಾರು ಎಂದು. ಗ್ಲ್ಯಾಡಿಸ್ ಬಾಯಿ ಎರಡು ದಿನ ಯೋಚಿಸಿದರು. ಮಗಳು ಮಣಿಪಾಲದಲ್ಲಿ ಮನೆ ಹಿಡಿದಿದ್ದಾಳೆ, ಅಳಿಯನಿಗೆ ತಿಂಗಳ ಸಂಬಳ ಉಂಟು, ಕಾರ್ಕಳದಲ್ಲಿ ಕೂತು ತಾವು ಯಾರನ್ನು ಬೈಯುವುದು ಎಂದು ಹೇಳಿ, ತಮ್ಮದೇ ಹೆಸರಿಗೆ ವೀಸಾ ತರಿಸಿಕೊಂಡರು. ಐವತ್ತೆರಡು ವರ್ಷ, ಮಂಗಳೂರು ದಾಟಿದವರಲ್ಲ. ಅತ್ತೂರಿನ ಇಗರ್ಜಿಯಲ್ಲಿ ಮೇಣದ ಬತ್ತಿ ಹೊತ್ತಿಸಿ ಬಂದು, ಹೊಸ ಟ್ರಂಕಿನ ಮೇಲೆ ಅಳಿಯನ ಕೈಯಲ್ಲಿ ತಮ್ಮ ಹೆಸರು ಬರೆಸಿದರು. ಹೆಸರಲ್ಲದೆ ಬೇರೇನೂ ಬರೆಯಬಾರದೆಂದು ಪಕ್ಕದಲ್ಲೇ ಕೂತು ಕಾದರು. ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದವನು ನಾನು. ಕಾನ್ಸೆಪ್ಟಾ ಅಳುತ್ತ ನಗುತ್ತಿದ್ದಳು. ರೇಮಂಡ್ ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿದ. ಗ್ಲ್ಯಾಡಿಸ್ ಬಾಯಿ ಕಿಟಕಿಯಿಂದ ಕೊಡೆ ಹೊರಗೆ ಹಾಕಿ, ಸಾಕು, ಹೋಗು ಎಂದು ಬೀಸುತ್ತ ಹೋದರು. ಅದು ಎಂಬತ್ತನೆಯ ಇಸವಿ, ಜನವರಿ ಇಪ್ಪತ್ತೆಂಟು, ಸೋಮವಾರ.